ಗುಡುಗು ಕಳೆದುಕೊಂಡ ಕುದುರೆ

1973ರ ಸೆಪ್ಟೆಂಬರ್ ತಿಂಗಳು. ಅಮೆರಿಕದ ಫೋರ್ಡ್ ಕಂಪೆನಿಯ ಮಾರಾಟ ಮಳಿಗೆಗಳಿಗೆ ಹೊಸ ಕಾರೊಂದು ಬಂದಿಳಿಯಿತು. ಹೆಸರು ಹಳೆಯದೇ, ಮಸ್ಟಾಂಗ್. ಮೂತಿಯ ಮೇಲಿನ ಓಡುವ ಕುದುರೆಯ ಲಾಂಛನವೂ ಹಳೆಯದೇ. ಆದರೆ ಹಿಂದಿನ ವರ್ಷದ ಕಾರಿಗಿಂತ ಇದು ಒಂದು ಅಡಿಗೂ ಹೆಚ್ಚು ಗಿಡ್ಡವಾಗಿತ್ತು. ಬಾನೆಟ್ ಎತ್ತಿ ನೋಡಿದವರಿಗೆ ಅದಕ್ಕಿಂತ ದೊಡ್ಡ ಬದಲಾವಣೆಯೊಂದು ಕಂಡಿತು. ಒಂಬತ್ತು ವರ್ಷಗಳಿಂದ ಮಸ್ಟಾಂಗ್ ಕೊಳ್ಳುವವರು ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಳ್ಳುತ್ತಿದ್ದ ಎಂಟು ಸಿಲಿಂಡರಿನ ಎಂಜಿನ್, ಅಂದರೆ 'ವಿ-8', ಅಲ್ಲಿರಲಿಲ್ಲ. ಆಯ್ಕೆಯ ಪಟ್ಟಿಯಲ್ಲೂ ಅದರ ಹೆಸರಿರಲಿಲ್ಲ. ನಾಲ್ಕು ಸಿಲಿಂಡರಿನದೊಂದು, ಆರು ಸಿಲಿಂಡರಿನದೊಂದು, ಇವೆರಡರಲ್ಲಿ ಬೇಕಾದುದನ್ನು ಆರಿಸಿಕೊಳ್ಳಿ ಎಂದಿತ್ತು ಕಂಪೆನಿ.

ಲೆಕ್ಕಪತ್ರದ ಮಟ್ಟಿಗೆ ಇದು ಪಟ್ಟಿಯಿಂದ ಒಂದು ಸಾಲನ್ನು ಹೊಡೆದುಹಾಕಿದ ಕೆಲಸ. ಕಾರು ತಯಾರಕರು ಪ್ರತಿ ವರ್ಷ ಇಂಥ ಹತ್ತಾರು ಸಾಲುಗಳನ್ನು ಹೊಡೆಯುತ್ತಾರೆ, ಹತ್ತಾರು ಸಾಲುಗಳನ್ನು ಸೇರಿಸುತ್ತಾರೆ. ಆದರೆ ಈ ಒಂದು ಸಾಲನ್ನು ಅಳಿಸಿದ್ದು, ವರ್ಷ ಕಳೆಯುವುದರೊಳಗೆ ಮತ್ತೆ ಬರೆದದ್ದು, ಮುಂದೆ ಮತ್ತೆ ಅಳಿಸಲು ಹೋಗಿ ಕೈ ಸುಟ್ಟುಕೊಂಡದ್ದು ಮೋಟಾರು ವಾಹನಗಳ ಇತಿಹಾಸದಲ್ಲಿ ಒಂದು ಸ್ವಾರಸ್ಯಕರ ಅಧ್ಯಾಯ. ಅದರಲ್ಲಿ ಅರಬ್ ರಾಷ್ಟ್ರಗಳ ತೈಲವಿದೆ, ಲಾಸ್ ಏಂಜಲೀಸ್ ನಗರದ ಹೊಗೆಮಂಜಿದೆ, ಅಮೆರಿಕದ ಮಕ್ಕಳ ರಕ್ತದಲ್ಲಿ ಸೇರಿದ್ದ ಸೀಸವಿದೆ. ಒಂದು ವಸ್ತುವಿನ ಪ್ರಾಣ ಅದರ ಯಾವ ಭಾಗದಲ್ಲಿದೆ ಎಂದು ನಿರ್ಧರಿಸುವವರು ಅದನ್ನು ತಯಾರಿಸಿದವರೋ ಕೊಂಡವರೋ ಎಂಬ ಪ್ರಶ್ನೆಯೂ ಇದೆ.

ಪಟ್ಟಿ ನೋಡಿ ಕೊಳ್ಳುವ ಕಾರು

ಮಸ್ಟಾಂಗ್ ಎಂದರೆ ಅಮೆರಿಕದ ಪಶ್ಚಿಮ ಬಯಲುಗಳಲ್ಲಿ ಹಿಂಡಾಗಿ ಅಲೆಯುವ ಕಾಡುಕುದುರೆ. ಆ ಹೆಸರಿನ ಕಾರು ಜನರ ಕಣ್ಣಿಗೆ ಬಿದ್ದದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹುಟ್ಟಿದ ದೊಡ್ಡ ತಲೆಮಾರು ಆಗ ಕಾರು ಓಡಿಸುವ ವಯಸ್ಸಿಗೆ ಬರುತ್ತಿತ್ತು. ನೋಡಲು ಶ್ರೀಮಂತರ ಕ್ರೀಡಾ ಕಾರಿನಂತಿರಬೇಕು, ಬೆಲೆ ಮಾತ್ರ ಹೊಸದಾಗಿ ಕೆಲಸಕ್ಕೆ ಸೇರಿದವರ ಕೈಗೆಟುಕುವಂತಿರಬೇಕು ಎಂಬುದು ಕಂಪೆನಿಯ ಫೋರ್ಡ್ ವಿಭಾಗದ ಮುಖ್ಯಸ್ಥರಾಗಿದ್ದ ಲೀ ಅಯಕೋಕಾ ಅವರ ಎಣಿಕೆ. ಅದಕ್ಕಾಗಿ ಫಾಲ್ಕನ್ ಎಂಬ ಸಾಧಾರಣ ಸಂಸಾರಸ್ಥರ ಕಾರಿನ ಅಡಿಭಾಗವನ್ನೇ ತೆಗೆದುಕೊಂಡು, ಅದಕ್ಕೆ ಉದ್ದ ಮೂತಿಯ, ಮೊಟಕು ಹಿಂಭಾಗದ ಹೊಸ ಮೈ ಹೊದಿಸಲಾಯಿತು. ಆರಂಭದ ಬೆಲೆ 2,368 ಡಾಲರು.

ಆ ಬೆಲೆಗೆ ಸಿಗುತ್ತಿದ್ದುದು ಆರು ಸಿಲಿಂಡರಿನ ಸೌಮ್ಯ ಎಂಜಿನ್. ಉಳಿದದ್ದೆಲ್ಲ ಪಟ್ಟಿಯಲ್ಲಿತ್ತು. ಹೋಟೆಲಿನಲ್ಲಿ ಸಾದಾ ದೋಸೆ ಎಂದು ಹೇಳಿ, ಮೇಲೆ ಬೆಣ್ಣೆ, ಒಳಗೆ ಪಲ್ಯ, ಜೊತೆಗೊಂದು ವಡೆ ಎಂದು ಸೇರಿಸುತ್ತಾ ಹೋಗುವಂತೆ ಇಲ್ಲಿ ರೇಡಿಯೊ, ಹವಾ ನಿಯಂತ್ರಣ, ಸ್ವಯಂಚಾಲಿತ ಗೇರು, ಬಗೆಬಗೆಯ ಚಕ್ರದ ಮುಚ್ಚಳ ಎಂದು ಸೇರಿಸಿಕೊಳ್ಳಬಹುದಿತ್ತು. ಆ ಪಟ್ಟಿಯಲ್ಲಿ ಎಲ್ಲರ ಕಣ್ಣು ಮೊದಲು ಹೋಗುತ್ತಿದ್ದುದು ವಿ-8 ಎಂಜಿನ್ನಿನ ಮೇಲೆ. ಮೊದಲ ವರ್ಷದಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಸ್ಟಾಂಗ್‌ಗಳು ಮಾರಾಟವಾದವು. 1966ರ ಮಾರ್ಚ್ ಹೊತ್ತಿಗೆ ಸಂಖ್ಯೆ ಹತ್ತು ಲಕ್ಷ ಮುಟ್ಟಿತು.

1968ರಲ್ಲಿ 'ಬುಲಿಟ್' ಎಂಬ ಚಲನಚಿತ್ರ ಬಂತು. ನಟ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೊ ನಗರದ ಏರುಪೇರಿನ ಬೀದಿಗಳಲ್ಲಿ ಹಸಿರು ಮಸ್ಟಾಂಗ್ ಓಡಿಸಿಕೊಂಡು ದುಷ್ಟರ ಬೆನ್ನಟ್ಟುವ ದೃಶ್ಯ ಅದರಲ್ಲಿದೆ. ಬೆನ್ನಟ್ಟುವ ಭಾಗ ಬಿರುಸಾದ ಮೇಲೆ ಸಂಗೀತ ನಿಂತುಹೋಗುತ್ತದೆ. ಕೇಳಿಸುವುದು ಎಂಜಿನ್ನುಗಳ ಗರ್ಜನೆ ಮತ್ತು ಟೈರುಗಳ ಕೀರಲು ಸದ್ದು ಮಾತ್ರ. ಆ ಚಿತ್ರದಲ್ಲಿ ಬಳಸಿದ ಕಾರೊಂದು 2020ರಲ್ಲಿ ನಡೆದ ಹರಾಜಿನಲ್ಲಿ 37 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಿ-8 ಕೊಳ್ಳಲಾಗದೆ ಆರು ಸಿಲಿಂಡರಿನ ಮಸ್ಟಾಂಗ್ ಕೊಂಡವರಿಗೂ ವಿ-8ರ ಕೀರ್ತಿಯಲ್ಲಿ ಪಾಲು ಸಿಗುತ್ತಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕಾರು. ಮೆಕ್ವೀನ್ ಓಡಿಸಿದ ಕಾರಿನ ಮೈಯೇ ಮನೆಯ ಮುಂದೆ ನಿಂತಿದೆ ಎಂಬ ಭಾವನೆಗೆ ಒಳಗಿನ ಸಿಲಿಂಡರುಗಳ ಎಣಿಕೆ ಅಡ್ಡಬರುತ್ತಿರಲಿಲ್ಲ. ಎಲ್ಲರೂ ಕೊಳ್ಳದಿದ್ದರೂ ವಿ-8 ಎಲ್ಲರ ಕಾರಿಗೂ ಬೆಲೆ ತಂದುಕೊಡುತ್ತಿತ್ತು. ಅದನ್ನು ಪಟ್ಟಿಯಿಂದ ತೆಗೆದಾಗ ಅದನ್ನು ಕೊಳ್ಳುತ್ತಿದ್ದವರಿಗೆ ಮಾತ್ರವಲ್ಲ, ಕೊಳ್ಳದವರಿಗೂ ಏನೋ ಕಳೆದಂತಾಗುವುದಕ್ಕೆ ಇದೇ ಕಾರಣ.

ಎಂಟರ ಸದ್ದು

ಅಷ್ಟಕ್ಕೂ ವಿ-8ರಲ್ಲಿ ಅಂಥದ್ದೇನಿದೆ? ಪೆಟ್ರೋಲು ಎಂಜಿನ್ನಿನ ಸಿಲಿಂಡರಿನಲ್ಲಿ ಇಂಧನ ಹೊತ್ತಿ ಉರಿದಾಗ ಪಿಸ್ಟನ್ ಕೆಳಕ್ಕೆ ನೂಕಲ್ಪಟ್ಟು ಎಂಜಿನ್ನಿನ ದಂಡವನ್ನು ತಿರುಗಿಸುತ್ತದೆ. ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರಿನಲ್ಲೂ ಒಮ್ಮೆ ಈ ಸಿಡಿತ ನಡೆಯುತ್ತದೆ. ನಾಲ್ಕು ಸಿಲಿಂಡರಿದ್ದರೆ ಅರ್ಧ ಸುತ್ತಿಗೊಂದು ನೂಕು, ಎಂಟಿದ್ದರೆ ಕಾಲು ಸುತ್ತಿಗೊಂದು. ಒಂದು ನೂಕಿನ ಬಲ ಇಳಿಯುವ ಮೊದಲೇ ಇನ್ನೊಂದು ಬಂದು ಸೇರಿಕೊಳ್ಳುವುದರಿಂದ ಓಟ ನಯವಾಗುತ್ತದೆ, ಬಲ ಹೆಚ್ಚುತ್ತದೆ. ಎಂಟನ್ನೂ ಒಂದೇ ಸಾಲಿನಲ್ಲಿಟ್ಟರೆ ಎಂಜಿನ್ ಬಹಳ ಉದ್ದವಾಗುತ್ತದೆ. ಆದ್ದರಿಂದ ನಾಲ್ಕು ನಾಲ್ಕರ ಎರಡು ಸಾಲು ಮಾಡಿ ಇಂಗ್ಲಿಷಿನ 'ವಿ' ಅಕ್ಷರದ ತೋಳುಗಳಂತೆ ಓರೆಯಾಗಿ ನಿಲ್ಲಿಸುತ್ತಾರೆ.

ಅಮೆರಿಕದ ವಿ-8ರ ದಂಡದ ರಚನೆಯಿಂದಾಗಿ ಎಡ ಮತ್ತು ಬಲ ಸಾಲುಗಳು ಒಂದು ಬಿಟ್ಟು ಒಂದರಂತೆ ಸಿಡಿಯುವುದಿಲ್ಲ. ಆಗಾಗ ಒಂದೇ ಸಾಲಿನ ಎರಡು ಸಿಲಿಂಡರುಗಳು ಒಂದರ ಬೆನ್ನಿಗೇ ಇನ್ನೊಂದು ಸಿಡಿಯುತ್ತವೆ. ಹೀಗಾಗಿ ಹೊಗೆ ಕೊಳವೆಯಲ್ಲಿ ಲಯ ಏರುಪೇರಾಗಿ, ದೂರದ ಗುಡುಗಿನಂಥ 'ಗುಡು ಗುಡು' ಸದ್ದು ಹೊರಡುತ್ತದೆ. ಬುಲೆಟ್ ಮೋಟಾರ್ ಸೈಕಲ್ ಬೀದಿಯ ತುದಿಯಲ್ಲಿರುವಾಗಲೇ ಸದ್ದಿನಿಂದ ಅದನ್ನು ಗುರುತಿಸುವ ನಮ್ಮವರಿಗೆ ಈ ಮೋಹವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕಾಲಕ್ಕೆ ಎಂಟು ಸಿಲಿಂಡರುಗಳು ಸಿರಿವಂತರ ಸೊತ್ತಾಗಿದ್ದವು. 1932ರಲ್ಲಿ ಹೆನ್ರಿ ಫೋರ್ಡ್ ಅಗ್ಗದ ಕಾರಿನಲ್ಲಿ ವಿ-8 ಕೂರಿಸಿ ಅದನ್ನು ಸಾಮಾನ್ಯರ ಕೈಗೆ ಕೊಟ್ಟರು. ಅಂದಿನಿಂದ ಅಮೆರಿಕದ ರೈತ, ಕಾರ್ಖಾನೆಯ ಕೆಲಸಗಾರ, ಹಳ್ಳಿಯ ಮೆಕ್ಯಾನಿಕ್ ಎಲ್ಲರಿಗೂ ವಿ-8 ತಮ್ಮದೆಂಬ ಅಭಿಮಾನ. ಪೆಟ್ರೋಲು ನೀರಿನಂತೆ ಸಿಗುತ್ತಿದ್ದ ದೇಶದಲ್ಲಿ ಅದು ಎಷ್ಟು ಕುಡಿಯುತ್ತದೆ ಎಂದು ಕೇಳುವವರು ಕಡಿಮೆ ಇದ್ದರು.

ಉಬ್ಬಿದ ಕುದುರೆ

ಯಶಸ್ಸು ಬಂದ ಮೇಲೆ ಮಸ್ಟಾಂಗ್ ದಪ್ಪವಾಗತೊಡಗಿತು. ಎದುರಾಳಿ ಜನರಲ್ ಮೋಟಾರ್ಸ್ ಕಂಪೆನಿ ಷೆವರ್ಲೆ ಕಮಾರೊ ಕಾರನ್ನು ಕಣಕ್ಕಿಳಿಸಿತ್ತು. ಅದಕ್ಕಿಂತ ದೊಡ್ಡ ಎಂಜಿನ್ ಬೇಕು, ಅದನ್ನು ಹಿಡಿಸಲು ಅಗಲವಾದ ಮೂತಿ ಬೇಕು, ಆ ಭಾರಕ್ಕೆ ಗಟ್ಟಿಯಾದ ಮೈ ಬೇಕು. ಹೀಗೆ ಒಂದಕ್ಕೊಂದು ಸೇರುತ್ತ 1971ರ ಹೊತ್ತಿಗೆ ಮಸ್ಟಾಂಗ್ ಏಳು ಲೀಟರಿನ ಎಂಜಿನ್ ಹೊರಬಲ್ಲ ಭಾರಿ ಕಾರಾಯಿತು. ಚಿಕ್ಕದಾಗಿ ಚೆನ್ನಾಗಿದ್ದ ಕಾರನ್ನು ಹೀಗೇಕೆ ಉಬ್ಬಿಸುತ್ತಿದ್ದೀರಿ ಎಂದು 1968ರ ಷೇರುದಾರರ ಸಭೆಯಲ್ಲೇ ಮಹಿಳೆಯೊಬ್ಬರು ಫೋರ್ಡ್ ಕಂಪೆನಿಯ ಹಿರಿಯರನ್ನು ಕೇಳಿದ್ದರು.

ಅವರ ಪ್ರಶ್ನೆಗೆ ಉತ್ತರವನ್ನು ಮಾರುಕಟ್ಟೆಯೇ ಕೊಟ್ಟಿತು. 1966ರ ಮಾದರಿ ವರ್ಷದಲ್ಲಿ ಆರು ಲಕ್ಷ ದಾಟಿದ್ದ ಮಾರಾಟ 1972ರಲ್ಲಿ ಒಂದೂಕಾಲು ಲಕ್ಷಕ್ಕೆ ಕುಸಿಯಿತು. ವೇಗದ ಕಾರು ಓಡಿಸುವ ಯುವಕರು ಹೆಚ್ಚು ಅಪಘಾತ ಮಾಡುತ್ತಾರೆಂದು ವಿಮಾ ಕಂಪೆನಿಗಳು ಭಾರಿ ಎಂಜಿನ್ನಿನ ಕಾರುಗಳ ವಿಮಾ ಕಂತನ್ನು ಏರಿಸಿದ್ದವು. ಅತ್ತ ಟೊಯೋಟಾ ಸೆಲಿಕಾದಂಥ ಚಿಕ್ಕ, ಚುರುಕಾದ ಪರದೇಶದ ಕಾರುಗಳು ಯುವಕರನ್ನು ಸೆಳೆಯುತ್ತಿದ್ದವು.

ಇನ್ನೊಂದು ಒತ್ತಡ ಗಾಳಿಯಿಂದ ಬಂತು. ಲಾಸ್ ಏಂಜಲೀಸ್ ನಗರವನ್ನು ಕವಿದು ಕಣ್ಣುರಿಸುತ್ತಿದ್ದ ಕಂದು ಹೊಗೆಮಂಜಿಗೆ ಕಾರುಗಳು ಉಗುಳುವ ಅನಿಲಗಳು ಬಿಸಿಲಿನಲ್ಲಿ ಮಾರ್ಪಡುವುದೇ ಮುಖ್ಯ ಕಾರಣವೆಂದು ಡಚ್ ಮೂಲದ ರಸಾಯನ ವಿಜ್ಞಾನಿ ಆರಿ ಹಾಗನ್-ಸ್ಮಿಟ್ 1950ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟಿದ್ದರು. 1970ರ ಶುದ್ಧ ಗಾಳಿ ಕಾಯಿದೆ ಕಾರಿನ ಹೊಗೆಯಲ್ಲಿರುವ ಇಂಗಾಲದ ಮೊನಾಕ್ಸೈಡ್ ಮತ್ತು ಉರಿಯದೆ ಉಳಿದ ಇಂಧನದ ಆವಿಯನ್ನು ಶೇಕಡಾ 90ರಷ್ಟು ತಗ್ಗಿಸಬೇಕೆಂದು ವಿಧಿಸಿತು. ಅಂದಿನ ತಂತ್ರಜ್ಞಾನದಲ್ಲಿ ಹೊಗೆ ತಗ್ಗಿಸುವುದೆಂದರೆ ಎಂಜಿನ್ನಿನ ಕತ್ತು ಹಿಸುಕುವುದೆಂದೇ ಅರ್ಥವಾಗಿತ್ತು.

ತೈಲದ ಬಾಗಿಲು ಮುಚ್ಚಿದಾಗ

1970ರ ಡಿಸೆಂಬರ್‌ನಲ್ಲಿ ಕಂಪೆನಿಯ ಅಧ್ಯಕ್ಷರಾದ ಅಯಕೋಕಾ ಮಸ್ಟಾಂಗನ್ನು ಮತ್ತೆ ಚಿಕ್ಕದಾಗಿಸಲು ಹೊರಟರು. ಈ ಬಾರಿ ಆಧಾರವಾದದ್ದು ಪಿಂಟೊ ಎಂಬ ಪುಟ್ಟ ಅಗ್ಗದ ಕಾರು. ಇಟಲಿಯ ಗಿಯಾ ವಿನ್ಯಾಸ ಸಂಸ್ಥೆಯನ್ನು ಫೋರ್ಡ್ ಆಗತಾನೆ ಕೊಂಡಿತ್ತು. ಹೊಸ ಕಾರಿನ ಐಷಾರಾಮಿ ಮಾದರಿಗೆ ಆ ಹೆಸರನ್ನೇ ಇಡಲಾಯಿತು. ಮಸ್ಟಾಂಗ್-2 ಎಂದು ಹೆಸರಾದ ಈ ಕಾರಿನ ಮೂತಿಯಲ್ಲಿ ವಿ-8 ಕೂರಿಸಲು ಜಾಗ ಇಟ್ಟಿರಲಿಲ್ಲ. 2.3 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ 88 ಅಶ್ವಶಕ್ತಿ ಕೊಡುತ್ತಿತ್ತು. ಜರ್ಮನಿಯ ಕಲೋನ್‌ನಿಂದ ಬಂದ 2.8 ಲೀಟರಿನ ವಿ-6 ಎಂಜಿನ್ನಿನದು 105 ಅಶ್ವಶಕ್ತಿ. ಕೆಲವೇ ವರ್ಷಗಳ ಹಿಂದೆ ಇದೇ ಹೆಸರಿನ ಕಾರಿನ ಕೈಪಿಡಿಯಲ್ಲಿ 375 ಎಂದು ಅಚ್ಚಾಗುತ್ತಿತ್ತು.

ಈ ಅಂಕಿಗಳನ್ನು ಹೋಲಿಸುವಾಗ ಒಂದು ಎಚ್ಚರಿಕೆ ಬೇಕು. ಮೊದಲು ಅಮೆರಿಕದ ಕಂಪೆನಿಗಳು ಫ್ಯಾನು, ಸೈಲೆನ್ಸರ್ ಮುಂತಾದವನ್ನೆಲ್ಲ ಕಳಚಿಟ್ಟು ಬರೀ ಎಂಜಿನ್ನನ್ನು ಅಳೆಯುತ್ತಿದ್ದವು. 1972ರ ಹೊತ್ತಿಗೆ ಅವನ್ನೆಲ್ಲ ಜೋಡಿಸಿಯೇ ಅಳೆಯುವ ಪದ್ಧತಿ ಬಂತು. ತೆಂಗಿನಕಾಯಿಯನ್ನು ಮಟ್ಟೆ ಸಮೇತ ತೂಗುವುದಕ್ಕೂ ಸುಲಿದು ತೂಗುವುದಕ್ಕೂ ಇರುವ ವ್ಯತ್ಯಾಸ ಇದು. ಇಷ್ಟನ್ನು ಕಳೆದರೂ ಬಲ ಇಳಿದದ್ದಂತೂ ನಿಜ.

ಕುದುರೆ ಪ್ರಿಯರಿಗೆ ಬೇಸರವಾಯಿತು. ಆದರೆ ಕಾರು ಮಳಿಗೆಗೆ ಬಂದು ಒಂದು ತಿಂಗಳಾಗುವಷ್ಟರಲ್ಲಿ ಜಗತ್ತೇ ತಲೆಕೆಳಗಾಯಿತು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳಿಗೂ ಇಸ್ರೇಲ್‌ಗೂ ಯುದ್ಧ ಹತ್ತಿತು. ಇಸ್ರೇಲ್‌ಗೆ ನೆರವಾದ ಅಮೆರಿಕಕ್ಕೆ ತೈಲ ಕೊಡುವುದಿಲ್ಲವೆಂದು ಅರಬ್ ತೈಲ ರಾಷ್ಟ್ರಗಳು ನಿಷೇಧ ಹೇರಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಸಾಲು ಬೆಳೆಯಿತು. ಕೆಲವು ರಾಜ್ಯಗಳಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ದಿನ ಬಿಟ್ಟು ದಿನ ಪೆಟ್ರೋಲು ಹಾಕುವ ವ್ಯವಸ್ಥೆ ಬಂತು. 1974ರ ಜನವರಿಯಲ್ಲಿ ದೇಶದ ಹೆದ್ದಾರಿಗಳಲ್ಲಿ ಗಂಟೆಗೆ 55 ಮೈಲಿಯ, ಅಂದರೆ ಸುಮಾರು 88 ಕಿಲೋಮೀಟರಿನ ಮಿತಿ ಹೇರುವ ಕಾಯಿದೆಗೆ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು.

ಇದ್ದಕ್ಕಿದ್ದಂತೆ ಚಿಕ್ಕ ಮಸ್ಟಾಂಗ್ ಜಾಣರ ಕಾರೆನಿಸಿತು. 1973ರ ಮಾದರಿ 1,34,867 ಮಾರಾಟವಾಗಿತ್ತು. ವಿ-8 ಇಲ್ಲದ 1974ರ ಮಾದರಿ 3,85,993 ಮಾರಾಟವಾಯಿತು. 'ಮೋಟಾರ್ ಟ್ರೆಂಡ್' ಪತ್ರಿಕೆ ಅದನ್ನು ವರ್ಷದ ಕಾರೆಂದು ಆರಿಸಿತು. ಲೆಕ್ಕದ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿರಲಿಲ್ಲ.

ಹೆಸರು ಕ್ಷೀರಸಾಗರ

ಹೀಗಿದ್ದೂ ಮರುವರ್ಷವೇ ಫೋರ್ಡ್ ವಿ-8 ಎಂಜಿನ್ನನ್ನು ಮರಳಿ ತಂದಿತು. ಅದಕ್ಕಾಗಿ ಕಾರಿನ ಮುಂಭಾಗವನ್ನು ತಿದ್ದಿ ಜಾಗ ಮಾಡಬೇಕಾಯಿತು. ಕಾರು ಚೆನ್ನಾಗಿ ಮಾರಾಟವಾಗುತ್ತಿರುವಾಗ ಈ ಶ್ರಮ ಏಕೆ? ತೈಲ ನಿಷೇಧ 1974ರ ಮಾರ್ಚ್‌ನಲ್ಲಿ ಮುಗಿದಿತ್ತು, ಬಂಕುಗಳ ಸಾಲು ಕರಗಿತ್ತು. ಎದುರಾಳಿಗಳಾದ ಕಮಾರೊ ಮತ್ತು ಪಾಂಟಿಯಾಕ್ ಫೈರ್‌ಬರ್ಡ್ ಕಾರುಗಳಲ್ಲಿ ವಿ-8 ಹಾಗೆಯೇ ಇತ್ತು. ಮಸ್ಟಾಂಗ್ ಹೆಸರು ಕೇಳಿ ಮಳಿಗೆಗೆ ಬಂದ ಹಳೆಯ ಗಿರಾಕಿ ವಿ-8 ಇಲ್ಲವೆಂದು ಕೇಳಿ ಎದುರು ಬದಿಯ ಮಳಿಗೆಗೆ ಹೋಗುವುದನ್ನು ಯಾವ ವ್ಯಾಪಾರಿಯೂ ಸಹಿಸಲಾರ.

ಮರಳಿ ಬಂದ ಎಂಜಿನ್ ಐದು ಲೀಟರಿನದು. ಆದರೆ ಹೊಗೆ ನಿಯಂತ್ರಣದ ಉಪಕರಣಗಳಿಗೆ ಸಿಕ್ಕಿ ಅದರ ಬಲ 140 ಅಶ್ವಶಕ್ತಿಯನ್ನೂ ದಾಟಲಿಲ್ಲ. ಮೊದಲ ವರ್ಷ ಸ್ವಯಂಚಾಲಿತ ಗೇರಿನೊಂದಿಗೆ ಮಾತ್ರ ಸಿಗುತ್ತಿತ್ತು. 1976ರಲ್ಲಿ 'ಕೋಬ್ರಾ-2', 1978ರಲ್ಲಿ 'ಕಿಂಗ್ ಕೋಬ್ರಾ' ಎಂಬ ಮಾದರಿಗಳು ಬಂದವು. ಮೈಮೇಲೆ ದಪ್ಪ ಪಟ್ಟೆಗಳು, ಬಾನೆಟ್ಟಿನ ಮೇಲೆ ಹೆಡೆಯೆತ್ತಿದ ಹಾವಿನ ಭಾರಿ ಚಿತ್ರ. ದೂರದರ್ಶನದ 'ಚಾರ್ಲೀಸ್ ಏಂಜೆಲ್ಸ್' ಧಾರಾವಾಹಿಯಲ್ಲಿ ನಟಿ ಫಾರಾ ಫಾಸೆಟ್ ಓಡಿಸಿದ್ದು ಬಿಳಿಯ ಕೋಬ್ರಾ-2 ಕಾರನ್ನೇ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯನ್ನು ಈ ಕಾರುಗಳು ನೆನಪಿಸುತ್ತವೆ.

ನಗುವುದು ಸುಲಭ. ಆದರೆ ಕೊಂಡವರು ಮೋಸಹೋದರೆಂದು ಹೇಳುವಂತಿಲ್ಲ. ಬಲ ಎಷ್ಟೆಂದು ಕೈಪಿಡಿಯಲ್ಲಿ ಅಚ್ಚಾಗಿಯೇ ಇತ್ತು. ವೇಗದ ಮಿತಿ 55 ಮೈಲಿಯಾಗಿದ್ದ ದೇಶದಲ್ಲಿ ಬಲ ಇದ್ದರೂ ಅದನ್ನು ತೋರಿಸಲು ರಸ್ತೆಯಿರಲಿಲ್ಲ. ಅವರು ಹಣ ಕೊಟ್ಟದ್ದು ಆ ಸದ್ದಿಗೆ ಮತ್ತು ಮಸ್ಟಾಂಗ್ ಇನ್ನೂ ಮಸ್ಟಾಂಗ್ ಆಗಿಯೇ ಉಳಿದಿದೆ ಎಂಬ ಭರವಸೆಗೆ.

ಪತ್ರಗಳು ಉಳಿಸಿದ ಎಂಜಿನ್

ಇದೇ ಕಥೆ ಮತ್ತೆ ಮತ್ತೆ ನಡೆಯಿತು. ಒಂದು ಕಂಪೆನಿ ಮಾರುವ ಕಾರುಗಳು ಸರಾಸರಿ ಎಷ್ಟು ಮೈಲಿ ಕೊಡಬೇಕೆಂದು ಅಮೆರಿಕ 1975ರಲ್ಲಿ ಕಾನೂನು ಮಾಡಿತು. 1978ರ ಮಾದರಿಗಳಿಗೆ ಗ್ಯಾಲನ್ನಿಗೆ 18 ಮೈಲಿ, ಅಂದರೆ ಲೀಟರಿಗೆ ಸುಮಾರು ಏಳೂವರೆ ಕಿಲೋಮೀಟರು, 1985ಕ್ಕೆ 27.5 ಮೈಲಿ, ಅಂದರೆ ಲೀಟರಿಗೆ ಹನ್ನೆರಡಕ್ಕೆ ತುಸು ಕಡಿಮೆ. 1979ರಲ್ಲಿ ಇರಾನಿನ ಕ್ರಾಂತಿಯಿಂದ ತೈಲ ಮತ್ತೆ ದುಬಾರಿಯಾಯಿತು. 1980ರಲ್ಲಿ ಫೋರ್ಡ್ ಐದು ಲೀಟರಿನ ಎಂಜಿನ್ ಕೈಬಿಟ್ಟು 4.2 ಲೀಟರಿನ ನಿತ್ರಾಣ ವಿ-8 ಒಂದನ್ನು ಕೊಟ್ಟಿತು. ಅದರ ಬಲ 120 ಅಶ್ವಶಕ್ತಿಗೂ ಕಡಿಮೆ. ಎರಡು ವರ್ಷ ಕಳೆದು 1982ರಲ್ಲಿ ಐದು ಲೀಟರಿನದು 157 ಅಶ್ವಶಕ್ತಿಯೊಂದಿಗೆ ಮರಳಿ ಬಂತು. ಅದನ್ನು ಮೊದಲಿಗೆ ಕೊಂಡವರಲ್ಲಿ ಕ್ಯಾಲಿಫೋರ್ನಿಯದ ಹೆದ್ದಾರಿ ಪೊಲೀಸರೂ ಇದ್ದರು. ಹೊಗೆಯ ವಿಚಾರದಲ್ಲಿ ದೇಶದಲ್ಲೇ ಅತ್ಯಂತ ಕಟ್ಟುನಿಟ್ಟಾದ ರಾಜ್ಯವು ವೇಗಮಿತಿ ಮೀರಿದವರನ್ನು ಹಿಡಿಯಲು ಆರಿಸಿಕೊಂಡದ್ದು ವಿ-8 ಮಸ್ಟಾಂಗನ್ನೇ.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಬಂದದ್ದು 1980ರ ದಶಕದ ನಡುವೆ. ಮುಂದಿನ ಮಸ್ಟಾಂಗನ್ನು ಜಪಾನಿನ ಮಜ್ದಾ ಕಂಪೆನಿಯ ಜೊತೆ ಸೇರಿ, ಮುಂಚಕ್ರಗಳಿಂದ ಎಳೆಯುವ ಕಾರಾಗಿ ರೂಪಿಸಲು ಫೋರ್ಡ್ ಯೋಜಿಸಿತ್ತು. ಅದರಲ್ಲಿ ವಿ-8ಕ್ಕೆ ಸ್ಥಳವಿರಲಿಲ್ಲ. 1987ರಲ್ಲಿ ಸುದ್ದಿ ಪತ್ರಿಕೆಗಳಿಗೆ ಸೋರಿದಾಗ ಅಭಿಮಾನಿಗಳು ಸಿಡಿದೆದ್ದರು. ಕಂಪೆನಿಯ ಕಚೇರಿಗೆ ಸಾವಿರಾರು ಪತ್ರಗಳು ಬಂದವು. ಕೊನೆಗೆ ಆ ಹೊಸ ಕಾರನ್ನು 1988ರಲ್ಲಿ 'ಪ್ರೋಬ್' ಎಂಬ ಬೇರೆ ಹೆಸರಿನಲ್ಲಿ ಬಿಡುಗಡೆ ಮಾಡಿ, ಹಳೆಯ ಮಸ್ಟಾಂಗನ್ನು ಹಾಗೆಯೇ ಮುಂದುವರಿಸಲಾಯಿತು. ಪ್ರೋಬ್ ಹತ್ತು ವರ್ಷಗಳೊಳಗೆ ಮರೆಯಾಯಿತು. ಅದನ್ನು ತಯಾರಿಸುತ್ತಿದ್ದ ಮಿಷಿಗನ್ ರಾಜ್ಯದ ಫ್ಲಾಟ್ ರಾಕ್ ಕಾರ್ಖಾನೆಯಲ್ಲಿ 2004ರಿಂದ ತಯಾರಾಗುತ್ತಿರುವುದು ಮಸ್ಟಾಂಗ್!

ಅದೇ ಕಾರಿನಿಂದ ಇನ್ನೊಂದು ಎಂಜಿನ್ನನ್ನು ತೆಗೆದಾಗ ಏನಾಯಿತೆಂಬುದನ್ನೂ ನೋಡಬೇಕು. 2017ರ ಮಾದರಿಯ ನಂತರ ಫೋರ್ಡ್ ವಿ-6 ಎಂಜಿನ್ನನ್ನು ಪಟ್ಟಿಯಿಂದ ತೆಗೆಯಿತು. ಅಗ್ಗದ ಮಸ್ಟಾಂಗ್ ಕೊಳ್ಳುವವರಲ್ಲಿ, ಬಾಡಿಗೆಗೆ ಕಾರು ಕೊಡುವವರಲ್ಲಿ ಅದು ಬಳಕೆಯಲ್ಲಿದ್ದ ಎಂಜಿನ್. ಬಲದಲ್ಲೂ 300 ಅಶ್ವಶಕ್ತಿ ಮುಟ್ಟಿತ್ತು. ಆದರೂ 1987ರಂಥ ಗದ್ದಲವೇನೂ ಏಳಲಿಲ್ಲ. ವಿ-6 ಜನರಿಗೆ ಉಪಯೋಗವಾಗುತ್ತಿತ್ತು, ಅಷ್ಟೆ. ಕಾರಿನ ಹೆಸರಿನ ಜೊತೆ ಅದು ಬೆಸೆದುಕೊಂಡಿರಲಿಲ್ಲ.

ಗಾಳಿಯ ಲೆಕ್ಕ

ಇದನ್ನು ಅಭಿಮಾನಿಗಳ ಗೆಲುವಿನ ಕಥೆಯೆಂದು ಹೇಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ಎಂಜಿನ್ನುಗಳ ಕತ್ತು ಹಿಸುಕಿದವೆಂದು ಬೈಸಿಕೊಂಡ ಕಾನೂನುಗಳು ಮಾಡಿದ ಕೆಲಸವೇನು? 1975ರ ಮಾದರಿಗಳಿಂದ ಅಮೆರಿಕದ ಕಾರುಗಳಿಗೆ ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಬಂತು. ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸ ಈ ಉಪಕರಣವನ್ನು ಕೆಡಿಸುವುದರಿಂದ ಸೀಸರಹಿತ ಪೆಟ್ರೋಲು ಬೇಕಾಯಿತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. 1970ರ ದಶಕದ ಕೊನೆಗೂ 1990ರ ದಶಕದ ಆರಂಭಕ್ಕೂ ನಡುವೆ ಅಮೆರಿಕನ್ನರ ರಕ್ತದಲ್ಲಿನ ಸೀಸದ ಸರಾಸರಿ ಪ್ರಮಾಣ ಮುಕ್ಕಾಲು ಪಾಲಿಗೂ ಹೆಚ್ಚು ಇಳಿಯಿತು. ಅದರಲ್ಲಿ ದೊಡ್ಡ ಪಾಲು ಪೆಟ್ರೋಲಿನಿಂದ ಸೀಸ ತೆಗೆದುದರ ಫಲ. ಭಾರತದಲ್ಲಿ ಈ ಬದಲಾವಣೆ 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಆರಂಭವಾಗಿ 2000ದ ಫೆಬ್ರವರಿಯಲ್ಲಿ ಇಡೀ ದೇಶಕ್ಕೆ ಹರಡಿತು.

ವಿ-8ರ ಎರಡನೆಯ ಹುಟ್ಟಿಗೂ ಕಾನೂನೇ ಒಂದು ರೀತಿಯಲ್ಲಿ ಕಾರಣ. ಇಂಧನವನ್ನು ಅಳತೆ ಮಾಡಿ ಸಿಂಪಡಿಸುವ ವ್ಯವಸ್ಥೆ, ಕ್ಷಣ ಕ್ಷಣಕ್ಕೂ ಉರಿಯನ್ನು ತಿದ್ದುವ ಪುಟ್ಟ ಕಂಪ್ಯೂಟರು, ಸುಧಾರಿಸಿದ ಕನ್ವರ್ಟರ್ ಇವೆಲ್ಲ ಹೊಗೆ ತಗ್ಗಿಸಲೇಬೇಕಾದ ಒತ್ತಡದಲ್ಲಿ ಬೇಗ ಬೆಳೆದವು. 1975ರಲ್ಲಿ ಐದು ಲೀಟರಿನಿಂದ 140 ಅಶ್ವಶಕ್ತಿಯನ್ನೂ ಹಿಂಡಲಾರದೆ ಹೋದ ಕಂಪೆನಿ 2024ರ ಮಾದರಿಯಲ್ಲಿ ಅಷ್ಟೇ ಗಾತ್ರದ ಎಂಜಿನ್ನಿನಿಂದ 480 ಅಶ್ವಶಕ್ತಿ ತೆಗೆಯಿತು. ಹೊಗೆ ಮಾತ್ರ ಹಿಂದಿಗಿಂತ ಎಷ್ಟೋ ಶುದ್ಧ.

ಆದರೆ ಕನ್ವರ್ಟರಿಗೆ ಬಗ್ಗದ ಅನಿಲವೊಂದಿದೆ. ಪೆಟ್ರೋಲು ಚೆನ್ನಾಗಿ ಉರಿದಷ್ಟೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದನ್ನು ತಗ್ಗಿಸಬೇಕಾದರೆ ಉರಿಸುವ ಪೆಟ್ರೋಲನ್ನೇ ತಗ್ಗಿಸಬೇಕು. ಭೂಮಿಯ ತಾಪ ಏರುತ್ತಿರುವ ಕಾಲದಲ್ಲಿ ವಿ-8 ಎದುರಿಸಬೇಕಾಗಿರುವ ಪ್ರಶ್ನೆ ಇದು. ಹಿಂದಿನ ಪ್ರಶ್ನೆಗಳಂತೆ ಇದಕ್ಕೆ ಗ್ಯಾರೇಜಿನಲ್ಲಿ ಉತ್ತರ ಸಿಗುವುದಿಲ್ಲ.

ಈಗಿನ ಸರದಿ

ಕಳೆದ ಹತ್ತು ವರ್ಷಗಳಲ್ಲಿ ಇದೇ ನಾಟಕ ಬೇರೆ ಕಂಪೆನಿಗಳಲ್ಲೂ ನಡೆದಿದೆ. ಜರ್ಮನಿಯ ಪೋರ್ಷೆ 2016ರಲ್ಲಿ ತನ್ನ ಬಾಕ್ಸ್‌ಸ್ಟರ್ ಮತ್ತು ಕೇಮನ್ ಕಾರುಗಳಿಂದ ಆರು ಸಿಲಿಂಡರಿನ ಎಂಜಿನ್ ತೆಗೆದು ಟರ್ಬೊ ಜೋಡಿಸಿದ ನಾಲ್ಕು ಸಿಲಿಂಡರಿನದನ್ನು ಹಾಕಿತು. ಬಲ ಹೆಚ್ಚಿತು, ಸದ್ದು ಸಪ್ಪೆಯಾಯಿತೆಂಬ ದೂರು ನಿಲ್ಲಲಿಲ್ಲ; 2019-20ರಲ್ಲಿ ದುಬಾರಿ ಮಾದರಿಗಳಿಗೆ ಆರು ಸಿಲಿಂಡರ್ ಮರಳಿತು. ಮರ್ಸಿಡಿಸ್ ಕಂಪೆನಿ 2022ರಲ್ಲಿ ಸಿ-63 ಕಾರಿನ ವಿ-8 ತೆಗೆದು ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ವಿದ್ಯುತ್ ಮೋಟಾರು ಜೋಡಿಸಿತು. ಅದೂ ಹಿಂದಿನದಕ್ಕಿಂತ ಬಲಶಾಲಿಯೇ, ಅದಕ್ಕೂ ಅದೇ ದೂರು. ಅಮೆರಿಕದ ಡಾಜ್ ಕಂಪೆನಿ 2023ರ ಕೊನೆಗೆ ಚಾಲೆಂಜರ್ ಕಾರನ್ನು ಅದರ ವಿ-8 ಸಮೇತ ಮುಗಿಸಿತು. ಸುಮಾರು ಅದೇ ಹೊತ್ತಿಗೆ ಕಮಾರೊ ತಯಾರಿಕೆಯೂ ನಿಂತಿತು. 2025ರಲ್ಲಿ ಗಾಳಿ ಮತ್ತೆ ತಿರುಗಿತು. ಇಂಧನದ ಮಿತಿ ಮೀರಿದ ಕಂಪೆನಿಗಳ ಮೇಲಿನ ದಂಡವನ್ನು ಅಮೆರಿಕದ ಸಂಸತ್ತು ಸೊನ್ನೆಗೆ ಇಳಿಸಿತು. ಆ ವರ್ಷವೇ ರ‍್ಯಾಮ್ ಕಂಪೆನಿ ತನ್ನ ಪಿಕಪ್ ವಾಹನದಿಂದ ವಿ-8 ತೆಗೆದದ್ದು ತಪ್ಪಾಯಿತೆಂದು ಬಹಿರಂಗವಾಗಿ ಒಪ್ಪಿಕೊಂಡು ಅದನ್ನು ಮರಳಿ ತಂದಿತು.

ಇವೆಲ್ಲದರ ನಡುವೆ ಮಸ್ಟಾಂಗ್ ತನ್ನ ವಿ-8 ಉಳಿಸಿಕೊಂಡಿದೆ. ಅಮೆರಿಕದಲ್ಲಿ ಮಾಮೂಲಿ ಕಾರುಗಳ ತಯಾರಿಕೆಯನ್ನೇ ಕೈಬಿಡುವುದಾಗಿ 2018ರಲ್ಲಿ ಸಾರಿದ ಫೋರ್ಡ್ ಮಸ್ಟಾಂಗನ್ನು ಮುಟ್ಟಲಿಲ್ಲ. 2016ರಲ್ಲಿ ಈ ಕಾರನ್ನು ಭಾರತಕ್ಕೆ ತಂದಾಗಲೂ ನಾಲ್ಕು ಸಿಲಿಂಡರಿನ ಮಾದರಿಯನ್ನು ಬಿಟ್ಟು ವಿ-8 ಮಾದರಿಯನ್ನಷ್ಟೇ ತಂದಿತು. ಅದೇ ಕಂಪೆನಿ 2019ರಲ್ಲಿ ಮಸ್ಟಾಂಗ್ ಹೆಸರನ್ನು 'ಮ್ಯಾಕ್-ಇ' ಎಂಬ ವಿದ್ಯುತ್ ವಾಹನಕ್ಕೂ ಇಟ್ಟಿತು. ಅದರಲ್ಲಿ ಸಿಲಿಂಡರೇ ಇಲ್ಲ. 2024ರಲ್ಲಿ ಅಮೆರಿಕದಲ್ಲಿ ಪೆಟ್ರೋಲಿನ ಮಸ್ಟಾಂಗ್‌ಗಿಂತ ಹೆಚ್ಚು ಮಾರಾಟವಾದದ್ದು ಈ ಸದ್ದಿಲ್ಲದ ಮಸ್ಟಾಂಗ್. 1974ರ ಅಂಕಿಗಳು ಮತ್ತೆ ಕಣ್ಣೆದುರು ಬಂದಂತಾಯಿತು.

ಸದ್ದಿಲ್ಲದ್ದು ಎಂದರೂ ಪೂರ್ತಿ ನಿಜವಲ್ಲ. ಮ್ಯಾಕ್-ಇ ಚಾಲಕ ಬಯಸಿದರೆ ಧ್ವನಿವರ್ಧಕಗಳ ಮೂಲಕ ಕೃತಕ ಗರ್ಜನೆ ಕೇಳಿಸಿಕೊಳ್ಳಬಹುದು. ಡಾಜ್ ಕಂಪೆನಿಯ ವಿದ್ಯುತ್ ಚಾರ್ಜರ್ ಕಾರಿನಲ್ಲೂ ಇಲ್ಲದ ಹೊಗೆ ಕೊಳವೆಯ ಸದ್ದನ್ನು ಹುಟ್ಟಿಸುವ ಉಪಕರಣವಿದೆ. 2024ರ ಪೆಟ್ರೋಲು ಮಸ್ಟಾಂಗ್‌ನಲ್ಲಿ ಇನ್ನೊಂದು ಸೌಲಭ್ಯ ಬಂದಿದೆ. ಮಾಲೀಕ ಕಾರಿನಿಂದ ದೂರ ನಿಂತು ಕೀಲಿಯ ಗುಂಡಿ ಒತ್ತಿದರೆ, ಒಳಗೆ ಯಾರೂ ಇಲ್ಲದ ಕಾರು ನಿಂತಲ್ಲೇ ಒಮ್ಮೆ ಗುಡುಗುತ್ತದೆ. ಅದು ಯಾರನ್ನೂ ಎಲ್ಲಿಗೂ ಕರೆದೊಯ್ಯುವುದಿಲ್ಲ. 1973ರ ಸೆಪ್ಟೆಂಬರ್‌ನಲ್ಲಿ ಮಳಿಗೆಗೆ ಬಂದು, ಬಾನೆಟ್ ಎತ್ತಿ ನೋಡಿ ನಿರಾಶರಾದವರು ಹುಡುಕುತ್ತಿದ್ದುದು ಏನನ್ನು ಎಂದು ಕಂಪೆನಿಗೆ ತಿಳಿಯಲು ಐವತ್ತು ವರ್ಷ ಹಿಡಿಯಿತು.